ಅಕ್ಷತೆ ಇಡದ ದಿನ

“ಮುಂದಿನ ದೀಪಾವಳಿಗೆ ನೀವೇ ನಿಮ್ಮ ಕೈಯಾರೆ ಜಡೆ ಹಾಕ್ಕೊಳ್ತೀರಿ ಮೇಡಂ. ಬೇಕಾದ್ರೆ ಬರೆದುಕೊಡ್ತೀನಿ.”

ಹೀಗೆ ಅಭಯ ಕೊಟ್ಟವಳು ಶ್ರೀಪ್ರಿಯಾ, ವೇಲಚೇರಿಯ ‘ಮಯೂರಕುಂತಳ’ ಕೂದಲು ಕಸಿ ಕ್ಲಿನಿಕ್ಕಿನ ಸಲಹೆಗಾರ್ತಿ. ಅಭಯ ಪಡೆದ ವೃಂದಾಳ ತಲೆಯ ಮೇಲೆ ಹೆಸರಿಗೆ ಒಂದು ಕೂದಲೂ ಇರಲಿಲ್ಲ.

ವೃಂದಾಳ ಕೂದಲು ಹರೆಯದಲ್ಲೇ ಉದುರಿಹೋಗಿತ್ತು. ದೇಹವೇ ತನ್ನ ಕೂದಲಿನ ಮೇಲೆ ಮುನಿಸಿಕೊಳ್ಳುವ ಕಾಯಿಲೆ ಅದು. ವಿಗ್ ಹಾಕಿಕೋ ಎಂದು ಗಂಟುಬಿದ್ದ ಬಂಧುಬಳಗಕ್ಕೆಲ್ಲ ಅವಳದು ಒಂದೇ ಉತ್ತರ: “ನೋಡಕ್ಕೆ ಕಷ್ಟ ಆದ್ರೆ ಆ ಕಡೆ ತಿರುಗಿಕೊಳ್ಳಿ.” ಹಣೆಗೆ ಕಾಸಗಲದ ಕುಂಕುಮವಿಟ್ಟು, ಬೋಳುತಲೆಯನ್ನು ನೆಟ್ಟಗೆ ಎತ್ತಿಕೊಂಡೇ ಅವಳು ಮದರಾಸಿನ ಬೀದಿಗಳನ್ನೆಲ್ಲ ತಿರುಗಿದ್ದಳು. ಬಸ್ಸಿನಲ್ಲಿ ಯಾರಾದರೂ “ತಿರುಪತಿಯಾ ಅಮ್ಮಾ?” ಎಂದು ಕೈಮುಗಿದರೆ “ಇಲ್ಲೆ, ಮನೇಲೇ” ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಬಾಯಿ ಮುಚ್ಚಿಸುವಳು. ಅಂಥವಳು ಎಗ್ಮೋರಿನಲ್ಲಿ ಪತ್ತೇದಾರಿ ಆಫೀಸು ಇಟ್ಟು, ನಾಲ್ಕು ಜನಕ್ಕೆ ಕೆಲಸ ಕೊಟ್ಟು, ಗಂಡಸರ ಕಸುಬು ಎಂದು ಮೂಗು ಮುರಿದವರ ಎದುರಿಗೇ ಬದುಕಿ ತೋರಿಸಿದ್ದಳು.

“ಎಲ್ಲಿಂದ ತೆಗೆದು ನೆಡ್ತೀರಾ ಮಾ?” ವೃಂದಾ ಮುಗ್ಧಳಂತೆ ಕೇಳಿದಳು. “ಹಿಂದಲೆ ಕೂದಲನ್ನ ಬೇರು ಸಮೇತ ಒಂದೊಂದೇ ಕಿತ್ತು ಮುಂದಕ್ಕೆ ನೆಡೋದು ಅಂತ ನಾ ಓದ್ಕೊಂಡೆ. ನನ್ನ ಹಿಂದಲೆ ನೋಡು, ಕ್ರಿಕೆಟ್ ಆಡಬಹುದು.”

ಶ್ರೀಪ್ರಿಯಾ ಒಂದು ಗಳಿಗೆ ತಡವರಿಸಿದಳು. “ಅದಕ್ಕೆ ಬೇರೆ ಟೆಕ್ನಿಕ್ ಇದೆ ಮೇಡಂ. ಬಾಡಿ ಹೇರ್. ಕೈಕಾಲಿಂದ ತೆಗೆದು...”

“ಕೈಕಾಲಲ್ಲೂ ಇಲ್ಲೆಯೇ.”

“ಅದೆಲ್ಲ ಡಾಕ್ಟರ್ ನೋಡ್ಕೋತಾರೆ ಮೇಡಂ. ನಮ್ಮ ಪ್ಯಾಕೇಜ್ ಬೇರೆ ಕಡೆಗಿಂತ ಅರ್ಧಕ್ಕರ್ಧ ಕಮ್ಮಿ. ಕಂತಲ್ಲೂ ಕಟ್ಟಬಹುದು.”

ವೃಂದಾಳಿಗೆ ನಗು ಬಂತು, ಅದರ ಬೆನ್ನಿಗೇ ಮೈ ಉರಿಯಿತು. ಈ ವಾರವೆಲ್ಲ ಅವಳು ಊರಿನ ಕಸಿ ಸರ್ಜನ್ನರ ಬಾಗಿಲು ತಟ್ಟಿದ್ದಳು. ಒಬ್ಬರು ಕೂತುಕೊಳ್ಳುವ ಮೊದಲೇ ಕೈ ಆಡಿಸಿ, ನಿಮಗೆ ಇದು ಆಗದಮ್ಮ, ಎಂದಿದ್ದರು. ಇನ್ನೊಬ್ಬರು ಹಿರಿಯರು, ನಿಧಾನವಾಗಿ ತಿಳಿಸಿ ಹೇಳಿದ್ದರು: ಕಸಿ ಎಂದರೆ ಇರುವ ಕೂದಲಿನ ಜಾಗ ಬದಲಿಸುವುದು, ಹೊಸ ಕೂದಲು ಹುಟ್ಟಿಸುವುದಲ್ಲ. ಎಷ್ಟಾಗುತ್ತದೆ ಎಂದು ಕೇಳುವ ಮೊದಲು ಯಾರು ಮಾಡುತ್ತಾರೆ ಎಂದು ಕೇಳಿ. ಅರಿವಳಿಕೆ ಇಂಜೆಕ್ಷನ್ ಕೊಡುವವರು ಯಾರು, ಕತ್ತಿ ಹಿಡಿಯುವವರು ಯಾರು, ಮುಗಿಯುವ ತನಕ ಕೋಣೆಯಲ್ಲಿ ಇರುವವರು ಯಾರು?

ಈಗ ವೃಂದಾ ಅದನ್ನೇ ಕೇಳಿದಳು. “ನನಗೆ ಕಸಿ ಮಾಡೋ ಡಾಕ್ಟರ್ ಹೆಸರೇನು?”

“ನಮ್ಮಲ್ಲಿ ದೊಡ್ಡ ಟೀಮ್ ಇದೆ ಮೇಡಂ.”

“ಟೀಮ್ ಹೆಸರು ಕೇಳಲಿಲ್ಲ ಮಾ.”

ಪಕ್ಕದ ಕುರ್ಚಿಯಲ್ಲಿ ಮಾಸ್ಕ್ ಹಾಕಿಕೊಂಡು ಕೂತಿದ್ದ ಹೆಂಗಸು ಇಷ್ಟು ಹೊತ್ತು ತುಟಿ ಬಿಚ್ಚಿರಲಿಲ್ಲ. ಈಗ ಮಾಸ್ಕ್ ಕೆಳಗೆ ಎಳೆದಳು. “ನಮ್ಮನೆಯವರಿಗೂ ನೀವು ಹಿಂಗೇ ಅಂದ್ರಾ? ದೊಡ್ಡ ಟೀಮ್ ಅಂತ?”

ಅವಳು ತನುಶ್ರೀ, ಶ್ರೀನಾಥನ ಹೆಂಡತಿ. ಮಂಡ್ಯದಿಂದ ಬಂದು ಇದೇ ವೇಲಚೇರಿಯಲ್ಲಿ ಮನೆ ಮಾಡಿದ್ದ ಶ್ರೀನಾಥ್, ಈ ಕ್ಲಿನಿಕ್ಕಿನ ಕುರ್ಚಿಯಲ್ಲೇ ಅರಿವಳಿಕೆ ಮದ್ದು ಮಿತಿಮೀರಿ ಪ್ರಾಣ ಬಿಟ್ಟಿದ್ದ. ಮದ್ದು ಚುಚ್ಚಿದವನು ತಮ್ಮಲ್ಲೇ ಕೆಲಸಕ್ಕಿದ್ದ ಡಾಕ್ಟರ್ ಗುರುಚರಣ ಎಂದು ಕ್ಲಿನಿಕ್ ಹೇಳಿಕೆ ಕೊಟ್ಟಿತ್ತು. ಗುರುಚರಣ ವೃಂದಾಳ ಒಬ್ಬನೇ ತಮ್ಮ. ಆ ರೋಗಿಯ ಮುಖವನ್ನೇ ನಾನು ನೋಡಿಲ್ಲ ಎಂದು ಅವನು ಆಣೆ ಇಟ್ಟು ಹೇಳಿದ್ದ. ನಾಳೆ ಬೆಳಿಗ್ಗೆ ವಿಚಾರಣಾ ಸಮಿತಿ ಕೂಡುತ್ತದೆ. ಅಲ್ಲಿ ಸೋತರೆ ಅವನ ಡಾಕ್ಟರಿಕೆ ಹೋಗುತ್ತದೆ, ಹಿಂದೆಯೇ ಪೊಲೀಸರು ಬರುತ್ತಾರೆ.

ಗುರುಚರಣನ ವಿರುದ್ಧ ದೂರು ಕೊಟ್ಟವಳೇ ತನುಶ್ರೀ. ಅವಳನ್ನು ಇಲ್ಲಿಗೆ ಕರೆತರಲು ವೃಂದಾ ಪಟ್ಟ ಪಾಡು ಅಷ್ಟಿಷ್ಟಲ್ಲ. ಕೊನೆಗೆ ಅವಳು ಬಂದದ್ದು ಒಂದು ಷರತ್ತಿನ ಮೇಲೆ. “ನಿಮ್ಮ ತಮ್ಮ ಸುಳ್ಳು ಹೇಳಿದ್ದು ಗೊತ್ತಾದ್ರೆ, ನಾಳೆ ಸಮಿತಿ ಮುಂದೆ ನೀವೇ ಅದನ್ನ ಹೇಳ್ಬೇಕು ಮೇಡಂ.” ಹೇಳುತ್ತೇನೆ ಎಂದು ವೃಂದಾ ಹಿಂದುಮುಂದು ನೋಡದೆ ಮಾತು ಕೊಟ್ಟಿದ್ದಳು. ತಮ್ಮನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಶ್ರೀಪ್ರಿಯಾಳ ಮುಖ ಬಿಳಿಚಿಕೊಂಡಿತು. ಗಾಜಿನ ಬಾಗಿಲು ತಳ್ಳಿಕೊಂಡು ಓಡಿದಳು. ಅವಳು ಹೋದ ದಾರಿಯಲ್ಲೇ ಮಾಲೀಕ ವಿಶ್ವನಾಥ ಬಂದ.

ವಿಶ್ವನಾಥ ಡಾಕ್ಟರಲ್ಲ. ತುಮಕೂರಿನ ಕಡೆಯಿಂದ ಸೌಂದರ್ಯವರ್ಧಕ ಮಾರಲು ಮದರಾಸಿಗೆ ಬಂದವನು, ಮಾತು ಮಾರುವುದರಲ್ಲಿ ಹೆಚ್ಚು ಲಾಭ ಕಂಡು ಇಲ್ಲೇ ನಿಂತುಬಿಟ್ಟಿದ್ದ. ತಲೆ ತುಂಬ ಕೂದಲು. ಅದು ಹುಟ್ಟಿನಿಂದ ಬಂದದ್ದು. ಆದರೂ ಹೊರಗಿನ ಫಲಕದಲ್ಲಿ ತನ್ನ ಚಿತ್ರವನ್ನೇ ಹಾಕಿ, ನಮ್ಮ ಕೈಚಳಕ ಎಂದು ಕೆಳಗೆ ಬರೆಸಿದ್ದ. ಆ ಫಲಕ ನೋಡಿದಾಗಲೇ ವೃಂದಾಳಿಗೆ ಈ ಮನುಷ್ಯನ ಜಾತಕ ಅರ್ಥವಾಗಿತ್ತು.

“ತನುಶ್ರೀ ಮೇಡಂ, ನೀವು ಇವ್ರ ಜೊತೆ?” ವಿಶ್ವನಾಥ ತಲೆಯಾಡಿಸಿದ. “ಇವ್ರು ಆ ಡಾಕ್ಟರ ಅಕ್ಕ ಅನ್ನೋದು ಗೊತ್ತು ತಾನೆ? ತಮ್ಮನ್ನ ಬಿಡಿಸ್ಕೊಳ್ಳೋಕೆ ನಿಮ್ಮನ್ನ ಕರ್ಕೊಂಡು ಊರೆಲ್ಲ ಸುತ್ತಿಸ್ತಿದ್ದಾರೆ.”

“ಗೊತ್ತು,” ಎಂದಳು ತನುಶ್ರೀ. “ನನಗೆ ಬೇಕಾಗಿರೋದು ಒಂದೇ. ನಮ್ಮನೆಯವರು ಒಂದು ಮಿಕ್ಸಿ ತಗೊಳ್ಳೋಕೂ ಟಿ. ನಗರದ ಅಂಗಡಿ ಅಂಗಡಿ ಸುತ್ತೋರು. ಈ ಆಪರೇಷನ್‌ಗೆ ತಿಂಗಳುಗಟ್ಟಲೆ ವಿಚಾರಿಸಿದ್ರು. ಅಂಥೋರು ನಿಮ್ಮ ಬಾಗಿಲಿಗೆ ಹೆಂಗೆ ಬಂದ್ರು? ಅವರ ತಲೇಲಿ ಕೈ ಇಟ್ಟಿದ್ದು ಯಾರು? ಅಷ್ಟು ಹೇಳಿ ಸಾಕು.”

“ಹೇಳಿದ್ದೀನಲ್ಲ. ಡಾಕ್ಟರ್ ಗುರುಚರಣ. ಫೋಟೋನೇ ಇದೆ.”

“ಆ ಫೋಟೋ ವಿಷಯಕ್ಕೇ ಬಂದಿದೀನಿ,” ಎಂದು ವೃಂದಾ ಕೈಚೀಲದಿಂದ ಅದರ ಪ್ರತಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

ಗುರುಚರಣನ ಕತ್ತಿಗೆ ಉರುಳಾಗಿದ್ದ ಫೋಟೋ ಅದು. ಶ್ರೀನಾಥ್ ಕೂತಿದ್ದಾನೆ. ಗುರುಚರಣ ಬಗ್ಗಿ, ಅವನ ಹಣೆಯ ಮೇಲೆ ಕರಿ ಪೆನ್ನಿನಿಂದ ಗೆರೆ ಎಳೆಯುತ್ತಿದ್ದಾನೆ. ಹೊಸ ಕೂದಲು ಎಲ್ಲಿಂದ ಶುರುವಾಗಬೇಕು ಎಂದು ತೋರಿಸುವ ಗೆರೆ. ಹಿಂದೆ ಬರೀ ಬಿಳಿ ಗೋಡೆ, ಚೆನ್ನೈಯ ಯಾವ ಕಟ್ಟಡದಲ್ಲೂ ಇರುವಂಥದ್ದು. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಬಂದ ಫೋಟೋ ಆದ್ದರಿಂದ ತೆಗೆದ ದಿನ ಅದರಲ್ಲಿ ಉಳಿದಿರಲಿಲ್ಲ. ಕಂಪ್ಯೂಟರಿನಲ್ಲಿ ಯಾರೋ ಜೋಡಿಸಿದ್ದು ಎಂದು ಗುರುಚರಣ ವಾದಿಸಿದ್ದ. ಪರೀಕ್ಷೆ ಮಾಡಿದವರು ಜೋಡಿಸಿದ್ದಲ್ಲ, ಅಸಲು ಎಂದಿದ್ದರು. ಅವತ್ತೇ ಎಲ್ಲರೂ ಅವನನ್ನು ಅಪರಾಧಿ ಎಂದು ತೀರ್ಮಾನಿಸಿಬಿಟ್ಟಿದ್ದರು, ವೃಂದಾ ಒಬ್ಬಳ ಹೊರತು.

“ಇದನ್ನ ಯಾವಾಗ ತೆಗೆದದ್ದು?” ವೃಂದಾ ಕೇಳಿದಳು.

“ಆಪರೇಷನ್ ದಿನ ಬೆಳಿಗ್ಗೆ. ಮಂಗಳವಾರ. ಇದೇ ರೂಮಲ್ಲಿ.”

“ನೀವೇ ಎದುರಿಗಿದ್ರಾ?”

“ಇಲ್ಲೇ ನಿಂತಿದ್ದೆ.”

“ಗುರು ಹೇಗಿದ್ದ? ಹುಷಾರಾಗಿದ್ದನಾ? ಅವನಿಗೆ ಹೊಟ್ಟೇಲಿ ಏನೂ ಇಲ್ಲದಿದ್ದರೆ ಕೈ ನಡುಗತ್ತೆ, ಅದಕ್ಕೆ ಕೇಳ್ದೆ.”

ವಿಶ್ವನಾಥ ಉದಾರವಾಗಿ ನಕ್ಕ. “ನಡುಗೋದೆಲ್ಲಿ ಬಂತು ಮೇಡಂ? ನಾನೇ ಕಾಫಿ ತರಿಸಿಕೊಟ್ಟೆ. ಕುಡಿದ್ರು. ಇಡ್ಲಿನೂ ತಿಂದ್ರು.”

“ಕಾಫಿ, ಇಡ್ಲಿ.” ವೃಂದಾ ಬಾಯಲ್ಲಿಟ್ಟು ರುಚಿ ನೋಡುವಂತೆ ಆ ಮಾತುಗಳನ್ನು ನಿಧಾನವಾಗಿ ಆಡಿದಳು. “ತನುಶ್ರೀ, ಕೇಳಿದ್ಯಾ ಮಾ? ಕಾಫಿ, ಇಡ್ಲಿ. ಮರೀಬ್ಯಾಡ.”

ಅವಳು ಫೋಟೋದ ಮೇಲೆ ಬೆರಳಿಟ್ಟಳು. ಗುರುಚರಣನ ಹಣೆಯ ನಡುವೆ ಕಡ್ಡಿಯಂಥ ಕರಿಗೆರೆ, ಅದರ ಬುಡದಲ್ಲಿ ಪುಟ್ಟ ಕೆಂಪು ಬೊಟ್ಟು. “ಇದೇನು ಗೊತ್ತಾ?”

“ಮಾಧ್ವರ ನಾಮ. ಕರಿಗೆರೆ ಅಂಗಾರ, ಕೆಂಪು ಬೊಟ್ಟು ಅಕ್ಷತೆ. ಅವರು ದಿನಾ ಇಟ್ಕೊಂಡು ಬರ್ತಿದ್ರು. ಪೇಷಂಟುಗಳಿಗೆ ಒಂಥರಾ ನಂಬಿಕೆ ಬರೋದು.”

“ದಿನಾ ಅಲ್ಲ. ಏಕಾದಶಿ ದಿನ ನಮ್ಮಲ್ಲಿ ದೇವರಿಗೇ ನೈವೇದ್ಯ ಇಲ್ಲೆ. ಬರೀ ಕರಿ ಅಂಗಾರ, ಅಕ್ಷತೆ ಇಡೋ ಹಾಗಿಲ್ಲ. ಗುರು ಮುಂಜಿ ಆದಾಗಿಂದ ಇವತ್ತಿನ ತನಕ ತಪ್ಪಿಲ್ಲ. ನೀರು ಕೂಡ ಕುಡಿಯಲ್ಲ. ಹಾಸ್ಟೆಲಲ್ಲಿ ಹುಡುಗರು ಹಿಡ್ಕೊಂಡು ಬಲವಂತವಾಗಿ ಸಾಂಬಾರ್ ವಡೆ ಬಾಯಿಗೆ ತುರುಕಿದರೆ ಉಗಿದು ಎದ್ದು ಬಂದವನು.”

ವೃಂದಾ ನಿರೀಕ್ಷಿಸಿದ್ದು ವಿಶ್ವನಾಥ ಬೆವರುತ್ತಾನೆಂದು. ಅವನು ಬೆವರಲಿಲ್ಲ. ಇದಕ್ಕೇ ಕಾದಿದ್ದವನ ಹಾಗೆ ಎದ್ದುಹೋಗಿ, ಗೋಡೆಯ ಮೊಳೆಗೆ ನೇತುಹಾಕಿದ್ದ ಕ್ಯಾಲೆಂಡರನ್ನು ಕಿತ್ತು ತಂದ. ಆ ತಿಂಗಳ ಹಾಳೆ ತಿರುವಿ ಅವಳ ಮುಂದಿಟ್ಟ.

“ನನಗೂ ಗೊತ್ತು ಮೇಡಂ. ಏಕಾದಶಿ ದಿನ ಕತ್ತಿ ಹಿಡಿಯಲ್ಲ ಅಂತ ಅವರು ಸೇರುವಾಗಲೇ ಹೇಳಿದ್ರು. ಆ ದಿನ ಅವರಿಗೆ ಕೇಸೇ ಹಾಕ್ತಿರಲಿಲ್ಲ. ನೋಡಿ, ಏಕಾದಶಿ ಸೋಮವಾರ. ಆಪರೇಷನ್ ಮಂಗಳವಾರ, ದ್ವಾದಶಿ. ಉಪವಾಸ ಮುಗಿಸಿ, ಅಕ್ಷತೆ ಇಟ್ಟು, ಹಸಿದು ಬಂದಿದ್ರು. ಅದಕ್ಕೇ ಇಡ್ಲಿ ತರಿಸಿದ್ದು. ಸಾಕಾ?”

ತನುಶ್ರೀ ಹಾಳೆ ನೋಡಿದಳು, ವೃಂದಾಳ ಮುಖ ನೋಡಿದಳು. ಸೋಮವಾರದ ಚೌಕದಲ್ಲಿ ಏಕಾದಶಿ ಎಂದೇ ಅಚ್ಚಾಗಿತ್ತು.

ವೃಂದಾ ಹೊಟ್ಟೆ ತುಂಬ ನಕ್ಕಳು. ಬಹಳ ದಿನದಿಂದ ಅವಳು ಹಾಗೆ ನಕ್ಕಿರಲಿಲ್ಲ. ತಮ್ಮನನ್ನು ನೆನೆದು ಊಟ ಸೇರದೆ ಕಳೆದ ದಿನಗಳ ಭಾರವೆಲ್ಲ ಆ ನಗೆಯಲ್ಲಿ ಇಳಿದುಹೋಯಿತು.

“ಈ ಕ್ಯಾಲೆಂಡರ್ ಯಾರು ಕೊಟ್ಟದ್ದು? ಜವಳಿ ಅಂಗಡಿಯೋರಾ?”

“ಯಾರು ಕೊಟ್ರೇನು? ಏಕಾದಶಿ ಏಕಾದಶೀನೇ.”

“ಅಲ್ಲೇ ನೀವು ಎಡವಿದ್ದು ಸಾಮಿ. ಬೆಳಗಿನ ಜಾವಕ್ಕೆ ಹಿಂದಿನ ದಶಮಿ ಸೊಲ್ಪ ತಾಗಿದ್ರೂ ಆ ದಿನವನ್ನ ನಾವು ಏಕಾದಶಿ ಅಂತ ಹಿಡಿಯಲ್ಲ. ಮರುದಿನ ಹಿಡೀತೀವಿ. ಊರಿಗೆಲ್ಲ ಸೋಮವಾರ ಏಕಾದಶಿ ಆದಾಗ ನಮಗೆ ಮಂಗಳವಾರ. ಮಠದ ಪಂಚಾಂಗ ತೆಗೆದು ನೋಡಿ. ಈ ಮದರಾಸಲ್ಲಿ ಯಾವ ಮಾಧ್ವರ ಮನೆ ಬಾಗಿಲು ತಟ್ಟಿ ಬೇಕಾದ್ರೂ ಕೇಳಿ.”

ವಿಶ್ವನಾಥನ ಕೈ ಕ್ಯಾಲೆಂಡರಿನ ಮೇಲೆಯೇ ಉಳಿಯಿತು.

“ಸೋಮವಾರ ಗುರು ಮೂರು ಹೊತ್ತೂ ತಿಂದಿದಾನೆ. ಮಂಗಳವಾರ ಒಂದು ತೊಟ್ಟು ನೀರು ಮುಟ್ಟಿಲ್ಲ. ಮನೇಲಿ ಒಬ್ಬನೇ ಇದ್ದ, ಸಾಕ್ಷಿಗೆ ಯಾರೂ ಇರಲಿಲ್ಲ ಅಂತ ಎಲ್ಲಾರೂ ನಕ್ಕರು. ಅವನ ಹಣೆಯೇ ಸಾಕ್ಷಿ. ಅಕ್ಷತೆ ಇರೋ ಈ ಫೋಟೋ ಮಂಗಳವಾರದ್ದು ಅಲ್ಲವೇ ಅಲ್ಲ. ನೀವು ತರಿಸಿದ ಇಡ್ಲಿನ ಯಾವ ದೆವ್ವ ತಿಂದ್ತೋ ನನಗೆ ಗೊತ್ತಿಲ್ಲ. ಬೇರೆ ಯಾರದೋ ಕೈಲಿ ಚುಚ್ಚಿಸಿ, ಆ ಜೀವ ಹೋದ ಮೇಲೆ, ನನ್ನ ತಮ್ಮನ ಹೆಸರು ಹಾಕಿದ್ರಿ. ಅವನಿಗೆ ಏಕಾದಶಿ ಇರಬಾರದು ಅಂತ ಜಾಗ್ರತೆಯಾಗಿ ಕ್ಯಾಲೆಂಡರ್ ಬೇರೆ ನೋಡಿದ್ರಿ. ಆ ಜಾಗ್ರತೆನೇ ನಿಮ್ಮನ್ನ ಹಿಡ್ಕೊಟ್ಟಿತು.”

“ಯಾರೋ ಹಣೆಗೆ ಬೊಟ್ಟಿಟ್ಟಿದ್ದನ್ನ ಸಮಿತಿ ನಂಬುತ್ತಾ?”

“ನಂಬದೆ ಹೋದ್ರೆ ನಂಬೋ ತನಕ ಹೇಳ್ತೀನಿ. ನನಗೆ ನಾಚಿಕೆ ಅನ್ನೋದು ಕೂದಲಿನ ಜೊತೇಲೇ ಉದುರಿ ಹೋಗಿದೆ. ಮಠದೋರನ್ನ ಕರೀತೀನಿ, ಪಂಚಾಂಗ ಬರೆದೋರನ್ನ ಕರೀತೀನಿ, ಹಾಸ್ಟೆಲ್ ಹುಡುಗರನ್ನೆಲ್ಲ ಕರೀತೀನಿ.”

ವಿಶ್ವನಾಥ ತುಟಿ ಒದ್ದೆ ಮಾಡಿಕೊಂಡ. “ಫೋಟೋ ಬೇರೆ ದಿನದ್ದೇ ಇರಬಹುದು. ನಮ್ಮ ಹುಡುಗ್ರು ತಪ್ಪಿ ಬೇರೆ ಫೋಟೋ ಕಳಿಸಿರಬಹುದು.”

“ಇದೇ ರೂಮಲ್ಲಿ ನಿಂತಿದ್ದೆ ಅಂದ್ರಿ.”

“ಎಲ್ಲಾ ನೆನಪಿರುತ್ತಾ ಮೇಡಂ?”

“ಇಡ್ಲಿ ನೆನಪಿದ್ಯಲ್ಲ?”

ವೃಂದಾಳ ಎದೆ ಹೆಮ್ಮೆಯಿಂದ ಉಬ್ಬಿತು. ಗೆದ್ದಾಯಿತು. ನಾಳೆ ಸಮಿತಿಯ ಮುಂದೆ ಈ ಮನುಷ್ಯನನ್ನು ನಿಲ್ಲಿಸಿ ಇದನ್ನೇ ಕೇಳಿದರೆ ಮುಗಿಯಿತು. ಗುರು ತಲೆ ಎತ್ತಿಕೊಂಡು ಮನೆಗೆ ಬರುತ್ತಾನೆ. ಅವಳು ಗೆಲುವಿನ ನಗೆಯಲ್ಲೇ ತನುಶ್ರೀಯ ಕಡೆ ತಿರುಗಿದಳು.

ತನುಶ್ರೀ ನಗುತ್ತಿರಲಿಲ್ಲ. ಫೋಟೋವನ್ನು ಎರಡು ಕೈಯಲ್ಲಿ ಹಿಡಿದು ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಹೋದ ಮೇಲೆ ಅವಳು ಆ ಫೋಟೋವನ್ನು ಸರಿಯಾಗಿ ನೋಡುವ ಧೈರ್ಯ ಮಾಡಿದ್ದು ಇದೇ ಮೊದಲು.

“ಮೇಡಂ, ಇದು ಮಂಗಳವಾರದ್ದಲ್ಲ. ಒಪ್ಪಿದೆ,” ಎಂದಳು ಮೆಲ್ಲಗೆ. “ಅವತ್ತಿಂದಲ್ಲ ಅಂದ್ರೆ ಅದಕ್ಕೂ ಮುಂಚಿಂದು. ಸತ್ತ ಮೇಲೆ ತೆಗೆದದ್ದಂತೂ ಅಲ್ವಲ್ಲ?”

ವೃಂದಾಳ ನಗು ಅರ್ಧಕ್ಕೆ ನಿಂತಿತು.

“ಜೋಡಿಸಿದ್ದೂ ಅಲ್ಲ ಅಂತ ಪರೀಕ್ಷೆ ಮಾಡಿದೋರು ಹೇಳಿದ್ದಾರೆ. ಅಂದ್ಮೇಲೆ ನಿಮ್ಮ ತಮ್ಮ ನಮ್ಮನೆಯವರನ್ನ ಮುಂಚೇನೇ ನೋಡಿದ್ದಾರೆ. ಇಷ್ಟು ಹತ್ತಿರ ನಿಂತು, ಹಣೆ ಮುಟ್ಟಿ ಗೆರೆ ಎಳೆದಿದ್ದಾರೆ. ಮುಖಾನೇ ನೋಡಿಲ್ಲ ಅಂತ ನಿಮ್ಮ ಹತ್ರ ಆಣೆ ಇಟ್ರಲ್ಲ, ಅದೇನು?”

ಊರಿನವರ ಸುಳ್ಳನ್ನೆಲ್ಲ ಮೂಸಿ ನೋಡಿ ಹಿಡಿಯುವ ವೃಂದಾ, ಕಣ್ಣೆದುರಿಗಿದ್ದ ಇದನ್ನು ಕಾಣದೆ ಹೋಗಿದ್ದಳು. ಕಾಣಬಾರದೆಂದು ಅವಳ ಮನಸ್ಸೇ ಕಣ್ಣಿಗೆ ಬಟ್ಟೆ ಕಟ್ಟಿತ್ತು. ವಿಶ್ವನಾಥ ಕುರ್ಚಿಗೆ ಒರಗಿ ಕೂತ. ಅವನ ಮುಖಕ್ಕೆ ಮತ್ತೆ ಕಳೆ ಬಂದಿತ್ತು.

“ಕೇಳಿ, ಕೇಳಿ,” ಎಂದ. “ಅಕ್ಕನಿಗೇ ಸುಳ್ಳು ಹೇಳಿದೋರು ಸಮಿತಿಗೆ ನಿಜ ಹೇಳ್ತಾರಾ?”

“ನೀವು ಬಾಯಿ ಮುಚ್ಚಿ,” ಎಂದಳು ವೃಂದಾ. “ನಿಮ್ಮ ಸುಳ್ಳು ಸುಳ್ಳೇ. ಅದು ಎಲ್ಲೂ ಹೋಗಲಿಲ್ಲೆ.”

ಹೊರಗೆ ಹೋಗಿ ಒಬ್ಬಳೇ ತಮ್ಮನ ಜೊತೆ ಮಾತಾಡಿ ಬರಬಹುದಿತ್ತು. ಬೇರೆ ಯಾರಾದರೂ ಹಾಗೇ ಮಾಡುತ್ತಿದ್ದರು. ವೃಂದಾ ಅಲ್ಲೇ ಕೂತು, ಫೋನನ್ನು ಮೇಜಿನ ನಡುವೆ ಇಟ್ಟು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಗುರುಚರಣನಿಗೆ ಕರೆ ಮಾಡಿದಳು. ಕೊಟ್ಟ ಮಾತು ಕೊಟ್ಟ ಮಾತು. ತಮ್ಮ ಕಳ್ಳನೇ ಆಗಿದ್ದರೆ ತನ್ನ ಕೈಯಲ್ಲೇ ಸಿಕ್ಕಿಬೀಳಲಿ.

“ಹೇಳಕ್ಕಾ.”

“ಗುರು, ಒಂದೇ ಕೇಳ್ತೀನಿ. ನೇರವಾಗಿ ಹೇಳು. ಶ್ರೀನಾಥ್‌ನ ನೀ ಮುಂಚೆ ನೋಡಿದ್ಯಾ?”

ಆ ಕಡೆ ಫ್ಯಾನಿನ ಸದ್ದು ಮಾತ್ರ ಕೇಳಿಸಿತು.

“ಗುರು.”

“ನೋಡಿದ್ದೆ.”

ತನುಶ್ರೀ ಕಣ್ಣು ಮುಚ್ಚಿಕೊಂಡಳು.

“ಅವರು ಕಸಿ ಬಗ್ಗೆ ಕೇಳಿದ್ರು,” ಎಂದ ಗುರುಚರಣ. ದನಿ ಬತ್ತಿಹೋಗಿತ್ತು. “ಹಿಂದಲೇಲಿ ಕೂದಲು ಕಮ್ಮಿ ಇತ್ತು. ಇಷ್ಟರ ಮೇಲೆ ಬರಲ್ಲ, ಆಸೆ ಬ್ಯಾಡ ಅಂತ ಹಣೆ ಮೇಲೆ ಗೆರೆ ಎಳೆದು ತೋರ್ಸಿದೆ. ಈಗ ಮಾಡಿಸ್ಕೋಬ್ಯಾಡಿ ಅಂತನೇ ಹೇಳಿ ಕಳಿಸ್ದೆ. ಸತ್ಯವಾಗ್ಲೂ ಅಷ್ಟೇ ಅಕ್ಕಾ.”

“ಅಷ್ಟೇ ಆಗಿದ್ರೆ ಮುಚ್ಚಿಟ್ಟದ್ದು ಯಾಕೆ? ಬ್ಯಾಡ ಅಂತ ಹೇಳಿದ್ದು ನಿನಗೆ ಒಳ್ಳೇದೇ ಅಲ್ವಾ? ಮೊದಲೇ ಹೇಳಿದ್ರೆ ಈ ಕೇಸೇ ನಿಲ್ತಿರಲಿಲ್ಲ!”

“ಎಲ್ಲಿ ನೋಡ್ದೆ ಅಂತ ಕೇಳ್ತಾರೆ.”

“ಕೇಳಲಿ! ಎಲ್ಲಿ ನೋಡ್ದೆ?”

“ಎಗ್ಮೋರಲ್ಲಿ. ನಿನ್ನ ಆಫೀಸಲ್ಲಿ.”

ವಿಶ್ವನಾಥ ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ಮೆಲ್ಲಗೆ ಮಡಚಲು ಶುರುಮಾಡಿದ. ತನುಶ್ರೀ ಕಣ್ಣು ತೆರೆದಳು.

“ನಿನ್ನ ನೋಡಕ್ಕೆ ಬಂದಿದ್ದೆ, ನೀ ಇರಲಿಲ್ಲ,” ಗುರುಚರಣ ಒಂದೇ ಉಸಿರಿಗೆ ಹೇಳತೊಡಗಿದ. “ಅವರು ಅಲ್ಲಿ ಕೂತಿದ್ರು. ಊರಿನ ಕಸಿ ಕ್ಲಿನಿಕ್‌ಗಳಲ್ಲಿ ಯಾವುದು ನಿಜ, ಯಾವುದು ಮೋಸ ಅಂತ ವಿಚಾರಿಸಿ ಹೇಳೋ ಕೆಲಸ ನಿನ್ನ ಆಫೀಸಿಗೆ ಒಪ್ಪಿಸಿದ್ರಂತೆ. ಉತ್ತರನೂ ಸಿಕ್ಕಿತ್ತಂತೆ. ಮಯೂರಕುಂತಳ ಪಕ್ಕಾ, ಕಣ್ಣು ಮುಚ್ಕೊಂಡು ಹೋಗಿ ಅಂದ್ರಂತೆ. ಆ ಸಂತೋಷಕ್ಕೆ ಥ್ಯಾಂಕ್ಸ್ ಹೇಳಕ್ಕೆ ಬಂದಿದ್ರು. ನಾನು ಗೆರೆ ಎಳೆಯೋವಾಗ ನಿನ್ನ ಆಫೀಸಿನೋರು ಯಾರೋ ಫೋಟೋ ತೆಗೆದ್ರು.”

“ನನ್ನ ಆಫೀಸಿಂದ ಯಾರು ಹೇಳಿದ್ದು?” ವೃಂದಾಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ಆ ಮನುಷ್ಯನನ್ನ ನಾನು ಕಂಡೇ ಇಲ್ಲ. ಗುರು, ಯಾರು ಹೇಳಿದ್ದು?”



“ನೀನೇ ಹೇಳಿದ್ದು ಅಂದ್ಕೊಂಡಿದ್ದೆ ಅಕ್ಕಾ,” ಎಂದ ಗುರುಚರಣ. “ನಿನ್ನ ಹೆಸರು ಬರಬಾರದು ಅಂತಾನೇ ನಾನು ಆಣೆ ಇಟ್ಟದ್ದು.”

ತನುಶ್ರೀ ಎದ್ದು ನಿಂತು, ಫೋಟೋವನ್ನು ವೃಂದಾಳ ಕೈಗೆ ಕೊಡದೆ ತನ್ನ ಚೀಲದಲ್ಲಿ ಇಟ್ಟುಕೊಂಡಳು.